ನೀಲಿ ಕ್ಲಿಪ್ಪು

ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಬೆಣ್ಣೆ ಎಂದೇ. ಎದುರಿಗೆ ಯಾರಾದರೂ ಕಣ್ಣು ಒದ್ದೆ ಮಾಡಿಕೊಂಡರೆ ಸಾಕು, ಕರಗಿ ನೀರಾಗುವ ಹೆಂಗಸು. ಅಂಥವಳನ್ನು ಆಸ್ಪತ್ರೆಯಲ್ಲಿ ಅಕ್ಕನ ಕಾವಲಿಗೆ ಕೂರಿಸಿದ್ದೇ ತಪ್ಪು ಅನ್ನಿ.

ಅಕ್ಕನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಒಳಗೇ ಕೊಳವೆಯಿಟ್ಟು ಕಿರಣ ಕೊಡುವ ಚಿಕಿತ್ಸೆ. ಕೊಳವೆ ಇಟ್ಟಾಗಿತ್ತು, ಸ್ಕ್ಯಾನೂ ಆಗಿತ್ತು. ಡಾಕ್ಟರು ಲೆಕ್ಕ ಹಾಕಿ ಕರೆಯುವವರೆಗೆ ಅಲುಗಾಡದೆ ಮಲಗಿರಬೇಕು. ಅಕ್ಕನಿಗಿನ್ನೂ ಅರೆಮಂಪರು. ಮೂತ್ರದ ಪೈಪಿಗೆ ಹಾಕಿದ್ದ ನೀಲಿ ಕ್ಲಿಪ್ಪನ್ನು ನರ್ಸು ತಂಗಿಗೆ ತೋರಿಸಿದಳು.

"ಇದನ್ನ ಮುಟ್ಟಬೇಡಿಮ್ಮ. ಮೂತ್ರಕೋಶಕ್ಕೆ ನೀರು ತುಂಬಿಸಿದ್ದೀವಿ. ಅದು ತುಂಬಿದ್ರೆ ಕರುಳು ಮೇಲಕ್ಕೆ ಸರಿದಿರುತ್ತೆ. ಖಾಲಿಯಾದ್ರೆ ಕೆಳಗೆ ಜಾರಿ, ಕಿರಣಕ್ಕೆ ಸಿಕ್ಕಿ ಸುಟ್ಟುಹೋಗುತ್ತೆ."

ಬೆಣ್ಣೆ ತಲೆಯಾಡಿಸಿದಳು.

ಮಂಪರು ಇಳಿಯುತ್ತಲೇ ಅಕ್ಕ ತುಟಿ ಕಚ್ಚತೊಡಗಿದಳು. ಅಮ್ಮ ಹೋದಮೇಲೆ ತಂಗಿಯನ್ನು ಸಾಕಿ ಬೆಳೆಸಿದವಳು, ಯಾರ ಮುಂದೆಯೂ ಕೈಯೊಡ್ಡಿದವಳಲ್ಲ.

"ತಡೆಯೋಕಾಗ್ತಿಲ್ಲ ಕಣೇ, ಹೊಟ್ಟೆ ಬಿರೀತಿದೆ. ಒಂದು ಚೂರು ಬಿಡೇ."

"ಬೇಡಕ್ಕ, ಬೈತಾರೆ."

"ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕನ ಬಾಯಲ್ಲಿ ಆ ಮಾತು! ಒಂದು ಚೂರಿಗೆ ಏನಾದೀತು ಎಂದುಕೊಂಡು ಬೆಣ್ಣೆ ಕ್ಲಿಪ್ಪು ಸಡಿಲಿಸಿದಳು. ಮಂಚದ ಕೆಳಗಿನ ಮೂತ್ರದ ಚೀಲ ಉಬ್ಬುತ್ತಾ ಹೋಯಿತು, ಅಕ್ಕನ ಹಣೆಯ ಗಂಟು ಬಿಚ್ಚಿತು. ಮತ್ತೆ ಒತ್ತಲು ಇವಳಿಗೆ ಮನಸ್ಸೇ ಬರಲಿಲ್ಲ. ಅಷ್ಟರಲ್ಲಿ ಹೊರಗೆ ಸ್ಟ್ರೆಚರಿನ ಗಾಲಿಯ ಸದ್ದು. ಗಡಬಡಿಸಿ ಕ್ಲಿಪ್ಪು ಒತ್ತಿ, ಚೀಲದಲ್ಲಿದ್ದುದನ್ನು ಬೇಸಿನ್ನಿಗೆ ಬಸಿದು ಬಚ್ಚಲಿಗೆ ಸುರಿದು ಬಂದಳು.

"ಏನೂ ಮುಟ್ಟಿಲ್ಲ ತಾನೇ?" ಎಂದ, ಕರೆದೊಯ್ಯಲು ಬಂದ ಟೆಕ್ನಿಷಿಯನ್.

ಹೇಳಿದರೆ ಮತ್ತೆ ನೀರು, ಮತ್ತೆ ಅದೇ ನರಳಾಟ, ಎಲ್ಲರೆದುರು ಬೈಗುಳ ಬೇರೆ.

"ಇಲ್ಲ," ಅಂದಳು. ಪಾಪಿ, ನಾಲಿಗೆ ತೊದಲಲೂ ಇಲ್ಲ.

ಕ್ಯಾನ್ಸರ್ ಹೋಯಿತು. ಆದರೆ ವರ್ಷ ಕಳೆಯುವಷ್ಟರಲ್ಲಿ ಅಕ್ಕನಿಗೆ ಮಲದಲ್ಲಿ ರಕ್ತ ಬರತೊಡಗಿತು. ಕರುಳು ಸುಟ್ಟು ತೂತು ಬಿದ್ದಿತ್ತು. ಅಷ್ಟನ್ನು ಕೊಯ್ದು ತೆಗೆದು, ಮಲಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸಿದರು.

"ಎಷ್ಟು ಜಾಗ್ರತೆ ಮಾಡಿದ್ರೂ ಕೆಲವರಿಗೆ ಹೀಗಾಗುತ್ತೆ," ಎಂದರು ಡಾಕ್ಟರು. ಬೆಣ್ಣೆ ನರ್ಸಿನ ಹತ್ತಿರ ಹೋಗಿ ಚೀಲ ತೊಳೆಯುವುದನ್ನು ಕಲಿತುಕೊಂಡಳು.

ಈಗ ದಿನವೂ ಆ ಚೀಲ ಬರಿದು ಮಾಡಿ ತೊಳೆಯುವವಳು ಅವಳೇ. ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಮೊನ್ನೆ ಹೀಗೇ ಚರ್ಮ ಒರೆಸುತ್ತಿದ್ದಾಗ ಅಕ್ಕ ಅವಳ ಕೈ ಹಿಡಿದುಕೊಂಡಳು.

"ಅವತ್ತು ಆಸ್ಪತ್ರೇಲಿ ನನ್ನ ಸಂಕಟ ಅರ್ಥವಾಗಿದ್ದು ನಿನಗೊಬ್ಬಳಿಗೇ ಕಣೇ. ನೀನು ಕ್ಲಿಪ್ಪು ಬಿಟ್ಟಿದ್ದನ್ನ ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಪಾಪ, ನಿನ್ನನ್ನ ಬೈತಾರೆ ಅಂತ."

ಬೆಣ್ಣೆ ಕೈ ಬಿಡಿಸಿಕೊಂಡಳು. ತುಂಬಿದ ಚೀಲ ಹಿಡಿದು ಬಚ್ಚಲಿಗೆ ನಡೆದಳು.