ಪೋಪಿಯ ಆಟದ ಪೆಟ್ಟಿಗೆ

"ಯಾರೂ ಅದನ್ನ ಮುಟ್ಬೇಡಿ," ಎಂದು ರಿಪೇರಿಗೆ ಬಂದಿದ್ದ ಬ್ರಾನ್ವಿನ್ ವಿಡಿಯೋ ಆಟದ ಪೆಟ್ಟಿಗೆಯ ಹಿಂದಿನಿಂದ ಕೂಗಿದಳು. ಅಷ್ಟರಲ್ಲಿ ಕೆವ್ ಎಡಮಗ್ಗುಲಿಗೆ ಒಂದು ಏಟು ಹಾಕಿಯಾಗಿತ್ತು. ಬರೀ ಬಿಳಿ ಗೆರೆಯಾಗಿ ಕುಗ್ಗಿದ್ದ ಚಿತ್ರ ಮತ್ತೆ ಪರದೆ ತುಂಬ ಹರಡಿಕೊಂಡಿತು.

"ನೋಡು, ಸರಿಹೋಯ್ತು," ಎಂದ ಕೆವ್, ಕರಿದ ಮೀನಿಗೆ ಕಾಯುತ್ತಿದ್ದ ಗಿರಾಕಿ.

"ಸರಿಹೋಗ್ಲಿಲ್ಲ ಮಾರಾಯಾ, ದೋಷ ಅಡಗಿ ಕೂತ್ಕೊಳ್ತು. ಕೆಟ್ಟಿದ್ರೆ ತಾನೇ ನಾನು ಹುಡುಕೋದು?"

ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾದಲ್ಲಿ ಪೋಪಿಯ ಮೀನಂಗಡಿಗೆ ಬಂದವರೆಲ್ಲ ಆ ಪೆಟ್ಟಿಗೆಗೆ ಪ್ರೀತಿಯಿಂದ ಒಂದು ಬಾರಿಸಿಯೇ ಹೋಗುತ್ತಿದ್ದರು. ಬಾರಿಸಿದರೆ ಚಿತ್ರ ಬರುತ್ತಿತ್ತು, ಒಳಗಿನ ಬಿರುಕೂ ಬೆಳೆಯುತ್ತಿತ್ತು. ಎಂಥ ಉಪಕಾರ!

ಇವತ್ತು ಮಾತ್ರ ಪೋಪಿಗೆ ಏಟಿನ ಮೇಲೆ ನಂಬಿಕೆಯಿಲ್ಲ. ಅಣ್ಣನ ಹೆಂಡತಿ ಯಾನ್ನೂಲಾ ಸಂಜೆ ಅಡಿಲೇಡಿಗೆ, ಮಗಳ ಮನೆಯಲ್ಲೇ ಇದ್ದುಬಿಡಲು ಹೊರಟಿದ್ದಾಳೆ. ಪ್ರಾಯದಿಂದಲೂ ಭಾನುವಾರ ಭಾನುವಾರ ಅವಳೆದುರು ಆಡಿಯೂ ಪೋಪಿ ಒಮ್ಮೆಯೂ ಗೆದ್ದವಳಲ್ಲ. ಹೋದ ವಾರ ಇನ್ನೇನು ಗೆದ್ದಳು ಅನ್ನುವಾಗ ಚಿತ್ರ ಮಾಯವಾಗಿತ್ತು. ಸೋಲುವ ಭಯಕ್ಕೆ ಪೋಪಿಯೇ ಪ್ಲಗ್ ಕಿತ್ತಳೆಂದು ಯಾನ್ನೂಲಾ ಚರ್ಚಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಪೋಪಿಗೆ ಅದು ಉರಿಯುತ್ತಿತ್ತು.

ಅವಳು ಸಾಲಿನಲ್ಲಿದ್ದವರಿಗೆಲ್ಲ ಬಿಸಿ ಚಿಪ್ಸಿನ ಪೊಟ್ಟಣ ಕೊಟ್ಟಳು. "ಎರಡೂ ಕೈಲಿ ಹಿಡ್ಕೊಳ್ಳಿ. ಕೆವ್, ನೀನಂತೂ ಬಿಡ್ಲೇಬೇಡ."

ಕೈಗಳಿಗೆ ಕೆಲಸ ಸಿಕ್ಕಿ ಅಂಗಡಿ ತಣ್ಣಗಾಯಿತು. ಚಿತ್ರ ಮತ್ತೆ ಗೆರೆಯಾಯಿತು. ಬ್ರಾನ್ವಿನ್ ಒಣ ಮರದ ಕಡ್ಡಿಯಿಂದ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟುತ್ತ ಹೋದಳು. ಒಂದು ಕಡೆ ತಟ್ಟಿದಾಗ ಗೆರೆ ನಡುಗಿತು. ಕರೆಂಟು ತೆಗೆದು ಭೂತಗನ್ನಡಿ ಹಿಡಿದರೆ, ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು. ಹಳೆಯ ಬೆಸುಗೆ ಕರಗಿಸಿ ತೆಗೆದು ಹೊಸದು ಹಾಕಿದಳು. ಮತ್ತೆ ಕರೆಂಟು ಕೊಟ್ಟ ಮೇಲೆ ಕಡ್ಡಿಯಿಂದ ಎಷ್ಟು ತಟ್ಟಿದರೂ ಚಿತ್ರ ಅಲುಗಲಿಲ್ಲ.

ಯಾನ್ನೂಲಾ ಹೊಸ ಬೂಟು ಹಾಕಿಕೊಂಡು ಬಂದಳು. "ಬೇಗ ಸೋತ್ಬಿಡು ಪೋಪಿ, ನಂಗೆ ವಿಮಾನ ಇದೆ."

"ನೀವು ಮೊದ್ಲು ಕನ್ನಡಕ ಒರೆಸ್ಕೊಳ್ಳಿ ಅತ್ತಿಗೆ."

ಪೋಪಿ ಗೆದ್ದಳು. ಎಣ್ಣೆಯಲ್ಲಿ ಮೀನು ಸೀಯುತ್ತಿದ್ದರೂ ಯಾರೂ ಅತ್ತ ನೋಡಲಿಲ್ಲ. ಪೋಪಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಯಾನ್ನೂಲಾ ಕನ್ನಡಕ ಒರೆಸಿಕೊಂಡು ಪರದೆಯ ಮೇಲಿನ ಅಂಕಗಳನ್ನು ಇನ್ನೊಮ್ಮೆ ಓದಿದಳು. ಆಮೇಲೆ ಮಗಳಿಗೆ ಫೋನು ಮಾಡಿದಳು. "ಇವತ್ತು ಬರಲ್ಲ ಕಣೇ. ಆರೋಗ್ಯವಾಗೇ ಇದೀನಿ. ಇಲ್ಲಿ ಸ್ವಲ್ಪ ಕೆಲಸ ಬಾಕಿ ಇದೆ... ನಾಳೆನೂ ಹೇಳಕ್ಕಾಗಲ್ಲ."

ಫೋನನ್ನು ಚೀಲಕ್ಕೆ ಹಾಕಿದಳು. ಬೂಟು ಕಳಚಿ, ಪೆಟ್ಟಿಗೆಯ ಅಡಿಗೆ ತಳ್ಳಿ, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಮತ್ತೊಂದು ಆಟಕ್ಕೆ ನಿಂತಳು.