ಎಲ್ಲವನ್ನೂ ಕೆಂಪೆಂದ ಯಂತ್ರ

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ಮೇಲೆ ನಾನು ಬಯಸಿದ್ದು ಒಂದೇ, ಮಧ್ಯಾಹ್ನ ಉಂಡು ಎರಡು ತಾಸು ಮಲಗುವುದು. ಅದೊಂದು ಬಿಟ್ಟು ಉಳಿದದ್ದೆಲ್ಲ ಆಯಿತು. ರಾಮತೀರ್ಥ ನಗರದ ನಮ್ಮ ಓಣಿಯ ಬಾಳೇಶ ಎಂಬ ಹುಡುಗ ಒಂದು ಆಟಿಕೆಯ ಮೋಟಾರು ಹಿಡಿದುಕೊಂಡು ಬಂದು, "ಕಾಕಾ, ಇದ ಯಾಕ ತಿರಗವಲ್ದು ನೋಡ್ರಿ" ಅಂದ. ನೋಡಿದೆ. ನೋಡಬಾರದಿತ್ತು. ಮರುದಿನ ನಾಲ್ಕು ಮಕ್ಕಳು ಬಂದರು, ಮೂರು ವರ್ಷದಲ್ಲಿ ನಾಲ್ಕು ಇಪ್ಪತ್ತೆಂಟಾಯಿತು. ನಮ್ಮ ಪಡಸಾಲೆ ಸಾಲದೆ ಬಡಾವಣೆಯ ಸಮುದಾಯ ಭವನಕ್ಕೆ ಹೋದೆವು. ರೋಬೋಟ್ ತಂಡ ಎಂದು ಹೆಸರು ಬಂತು, ಒಂದೇ ಬಣ್ಣದ ಅಂಗಿ ಬಂತು, ಕೊನೆಗೆ ತಂದೆತಾಯಿಗಳ ವಾಟ್ಸಾಪ್ ಗುಂಪೂ ಬಂತು. ಅದು ಬಂದ ಮೇಲೆ ರಾತ್ರಿಯ ನಿದ್ದೆಯೂ ಹೋಯಿತು. "ನಿಮಗ್ಯಾಕ್ರಿ ಊರ ಉಸಾಬರಿ" ಎಂದು ನನ್ನ ಹೆಂಡತಿ ನೀಲಾ ದಿನಕ್ಕೊಮ್ಮೆ ಕೇಳುತ್ತಾಳೆ. ನನಗೂ ಗೊತ್ತಿಲ್ಲ.

ಅರೀಬಾ ಬಂದದ್ದು ಖಾನಾಪುರದಿಂದ. ಒಂಬತ್ತನೆಯ ತರಗತಿಯ ಹುಡುಗಿ. ಅಲ್ಲಿ ಬಡಿಗತನದ ಅಂಗಡಿ ಇಟ್ಟಿರುವ ಅವಳ ತಂದೆ ರಸೂಲಸಾಬರು ಪ್ರತಿ ರವಿವಾರ ಬಸ್ಸಿನಲ್ಲಿ ಕರೆತರುತ್ತಿದ್ದರು. ಮೊದಲ ದಿನವೇ ಹೇಳಿದ್ದರು: "ಒಂದ ವರ್ಷ ನೋಡ್ತೀನ್ರಿ ಭರಮಣ್ಣಾರ. ಮನ್ಯಾಗ ಎಲ್ಲಾರೂ ಬ್ಯಾಡ ಅಂತಾರ. ಏನರ ಒಂದ ಮಾತ ಬಂತಂದ್ರ ಬಿಡಸ್ತೀನಿ." ಹುಡುಗಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಆ ಸಲದ ಸ್ಪರ್ಧೆಯಲ್ಲಿ ಯಂತ್ರ ತಾನೇ ಓಡಾಡಿ ಕೆಂಪು ಡಬ್ಬಿಗಳನ್ನು ಒಂದು ಮೂಲೆಗೆ, ಹಳದಿ ಡಬ್ಬಿಗಳನ್ನು ಇನ್ನೊಂದು ಮೂಲೆಗೆ ಸೇರಿಸಬೇಕಿತ್ತು. ಅದಕ್ಕೆಂದು ಮುಂಭಾಗದಲ್ಲಿ ಬಣ್ಣ ಗುರುತಿಸುವ ಹೊಸ ಸೆನ್ಸರ್ ಕೂಡಿಸಿದೆವು. ಮಕ್ಕಳು ಅದನ್ನು ಕಣ್ಣು ಎನ್ನುತ್ತಿದ್ದರು. ಕಣ್ಣಿನ ಕೆಲಸ ಪೂರ್ತಿ ಅರೀಬಾಳದು. ಮನೆಯಿಂದ ಬಟ್ಟೆಯ ಚೂರು ತಂದು, ಯಾವ ಬೆಳಕಿನಲ್ಲಿ ಯಾವ ಬಣ್ಣಕ್ಕೆ ಎಷ್ಟು ನಂಬರ್ ಬರುತ್ತದೆ ಎಂದು ಆರು ವಾರ ಬರೆದುಕೊಂಡು, ಆ ನಂಬರುಗಳನ್ನು ಯಂತ್ರಕ್ಕೆ ತುಂಬಿದಳು. ಸ್ಪರ್ಧೆಯ ಹಿಂದಿನ ದಿನ ಇಪ್ಪತ್ತು ಸಲ ಓಡಿಸಿದಳು, ಒಂದೂ ತಪ್ಪಲಿಲ್ಲ. ಆಮೇಲೆ ತಂದೆಯ ಜೊತೆ ಖಾನಾಪುರಕ್ಕೆ ಹೋದಳು.

ಮುಚ್ಚಿಟ್ಟು ಹೇಳುವ ತಾಳ್ಮೆ ನನಗಿಲ್ಲ. ತಪ್ಪು ಮಾಡಿದವನು ನಾನು. ಮರುದಿನ ಅಮವಾಸ್ಯೆ. ಡಿಪೋದಲ್ಲಿ ಪ್ರತಿ ಅಮವಾಸ್ಯೆಗೆ ಬಸ್ಸು ತೊಳೆದು, ಹೆಡ್‌ಲೈಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಿದ್ದವನು ನಾನು. ಗಾಡಿ ಅಂದರೆ ಗಾಡಿ, ದೊಡ್ಡದಿರಲಿ ಸಣ್ಣದಿರಲಿ. ಬೆಳಿಗ್ಗೆ ಯಂತ್ರಕ್ಕೂ ಕಾಯಿ ಒಡೆದು, ಮುಂದೆ ಹೊಳೆಯುತ್ತಿದ್ದ ಆ ಕಣ್ಣಿನ ಮೇಲೆ ಬೆರಳು ಒತ್ತಿ ಕುಂಕುಮ ಹಚ್ಚಿದೆ. ಅರೀಬಾ ನೇರವಾಗಿ ಸ್ಪರ್ಧೆಗೇ ಬರುವವಳಿದ್ದಳು. ಉಳಿದ ಮಕ್ಕಳು ಕೈಮುಗಿದು ಪ್ರಸಾದ ತಿಂದರು.

ಸ್ಪರ್ಧೆ ಇದ್ದದ್ದು ಊರಿನದೇ ಒಂದು ಕಾಲೇಜಿನ ಸಭಾಂಗಣದಲ್ಲಿ. ನಮ್ಮ ಯಂತ್ರ ಚೆನ್ನಾಗಿಯೇ ಓಡಿತು, ಆದರೆ ಅದಕ್ಕೆ ಕಂಡದ್ದೆಲ್ಲ ಕೆಂಪು. ಹಳದಿ ಡಬ್ಬಿಗಳನ್ನೂ ಒಂದೊಂದಾಗಿ ಕೆಂಪು ಮೂಲೆಗೇ ಒಯ್ದು ಇಟ್ಟಿತು. ಕೊಟ್ಟಿದ್ದ ಮೂರು ನಿಮಿಷ ಮುಗಿಯಿತು, ನಾವು ಸೋತೆವು. ನನ್ನ ತಲೆ ಕೆಟ್ಟಿತು.

"ಯಾರನ್ನ ಕೇಳಿ ನಂಬರ್ ಬದ್ಲಿ ಮಾಡಿದಿ?" ಎಂದು ಎಲ್ಲರ ಮುಂದೆ ಅರೀಬಾಳ ಮೇಲೆ ಹರಿಹಾಯ್ದೆ. "ಇಷ್ಟ ಮಕ್ಕಳ ದುಡಿಮಿ ನೀರಾಗ ಹಾಕಿದೆಲ್ಲ."

"ನಾ ಏನೂ ಬದ್ಲಿ ಮಾಡಿಲ್ರಿ ಕಾಕಾ."

"ಹಂಗಾರ ಮಿಷನ್ ಸುಳ್ಳ ಹೇಳ್ತೈತೇನು?"

ಅವಳು ಬಗ್ಗಿ ಯಂತ್ರವನ್ನು ಎತ್ತಿಕೊಂಡಳು, ಹಿಂದಿನ ಕೋಣೆಗೆ ಒಯ್ದು ಪೆಟ್ಟಿಗೆಯಲ್ಲಿಟ್ಟು ಬಂದಳು. ರಸೂಲಸಾಬರು ಮೂರನೆಯ ಸಾಲಿನಿಂದ ಎದ್ದು ಬಂದು ಮಗಳ ಚೀಲ ತೆಗೆದುಕೊಂಡರು. ಇಬ್ಬರೂ ಬಾಗಿಲ ಕಡೆ ನಡೆದರು.

ಮುಂದಿನ ರವಿವಾರ ಅವಳು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ ಅವಳ ತಂದೆ "ಪರೀಕ್ಷಾ ಅದಾವ್ರಿ" ಅಂದರು. ಹೋಗಲಿ, ಒಂದು ತಲೆ ಕಡಿಮೆಯಾಯಿತು ಅಂದುಕೊಂಡೆ. ಖರೇ ಹೇಳುತ್ತೇನೆ, ಹಾಗೇ ಅಂದುಕೊಂಡೆ. ಅಷ್ಟು ದಣಿದಿದ್ದೆ.

ಮತ್ತೊಂದು ಅಮವಾಸ್ಯೆ ಬಂತು, ಮತ್ತೆ ಪೂಜೆ ಮಾಡಿದೆ. ಹೊಸದಾಗಿ ಸೇರಿದ ಮಕ್ಕಳಿಗೆ ತೋರಿಸಲೆಂದು ಬಾಳೇಶ ಯಂತ್ರ ಚಾಲೂ ಮಾಡಿದ. ಹಳದಿ ಡಬ್ಬಿ ಸೀದಾ ಕೆಂಪು ಮೂಲೆಗೆ ಹೋಯಿತು. ಬಾಳೇಶ ಬಗ್ಗಿ ನೋಡಿದ, ಆಮೇಲೆ ನನ್ನ ಬೆರಳು ನೋಡಿದ. "ಕಾಕಾ, ಕುಂಕುಮ" ಅಂದ. ನಾನು ಆ ಬೆರಳನ್ನು ಅಂಗಿಗೆ ಒರೆಸಿಕೊಂಡೆ.

ಮನೆಯಲ್ಲಿ ಹೇಳಿದಾಗ ನೀಲಾ ಸಮಾಧಾನ ಮಾಡಲಿಲ್ಲ. "ಸಿಟ್ಟಿನಾಗ ಕೊಯ್ದ ಮೂಗು ಶಾಂತಾದ ಮ್ಯಾಲ ಬರತೈತೇನ್ರಿ? ಆದ್ರೂ ಹೋಗಿ ಬರ್ರಿ" ಅಂದಳು.

ಮರುದಿನ ಸಂಜೆ ಖಾನಾಪುರಕ್ಕೆ ಹೋದೆ. ರಸೂಲಸಾಬರು ಅಂಗಡಿಯಲ್ಲಿ ಬಾಗಿಲ ಚೌಕಟ್ಟು ಹೆರೆಯುತ್ತಿದ್ದರು. "ಬರ್ರಿ, ಕುಂದರ್ರಿ" ಅಂದರು, ಚಹಾ ತರಿಸಿದರು, ಹೆರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅರೀಬಾ ಹಿಂದಿನ ಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ತಪ್ಪ ನಂದ ಐತವಾ," ಅಂದೆ. "ಅವತ್ತ ಮಿಷನ್ ಕಣ್ಣಿಗೆ ನಾನ ಕುಂಕುಮ ಹಚ್ಚಿದ್ದೆ."

"ಗೊತ್ತೈತ್ರಿ ಕಾಕಾ."

"ಯಾವಾಗ ಗೊತ್ತಾತು?"

"ಅವತ್ತ ಮಿಷನ್ ಎತ್ತೂಮುಂದ ನೋಡಿದೆ. ವರಸಿ ಪೆಟ್ಟಿಗ್ಯಾಗ ಇಟ್ಟೆ."

"ಮತ್ತ ಬಾಯಿ ಬಿಟ್ಟ ಹೇಳಬಾರದಿತ್ತೇನು?"

ಅವಳು ತಂದೆಯ ಕಡೆ ನೋಡಿದಳು. ಅವರ ಕೈ ನಿಂತಿತ್ತು.

"ಹೆಂಗ ಹೇಳ್ಲಿರಿ?" ಅಂದಳು. "ಪೂಜಿ ಕುಂಕುಮದಿಂದ ಸೋತ್ವಿ ಅಂತ ನಾ ಹೇಳಿದ್ರ, ಅಷ್ಟ ಮಂದ್ಯಾಗ, ಯಾರ ಏನ ತಿಳಕೋತಿದ್ರು?"

ಹದಿನಾಲ್ಕು ವರ್ಷದ ಹುಡುಗಿ. ನನಗೆ ಅರವತ್ತನಾಲ್ಕು, ನನ್ನ ತಲೆಗೆ ಆ ಮಾತು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಚಹಾದ ಬಟ್ಟಲು ಕೆಳಗಿಟ್ಟೆ.

ಎಲ್ಲರ ಮುಂದೆ ಬೈದದ್ದಕ್ಕೆ ಎಲ್ಲರ ಮುಂದೆಯೇ ಹೇಳಬೇಕಲ್ಲ. ಅಲ್ಲೇ ಫೋನ್ ತೆಗೆದು ತಂದೆತಾಯಿಗಳ ಗುಂಪಿಗೆ ನನ್ನ ದನಿಯಲ್ಲೇ ಕಳಿಸಿದೆ: "ಎಲ್ಲಾರೂ ಕೇಳ್ರಿ. ಅವತ್ತ ಸೋತಿದ್ದು ಅರೀಬಾನಿಂದ ಅಲ್ಲ. ಮಿಷನ್ ಕಣ್ಣಿಗೆ ಕುಂಕುಮ ಹಚ್ಚಿ ಕೆಡಿಸಿದಾಂವ ನಾನು. ಆಕೀನ್ನ ಬೈದದ್ದೂ ತಪ್ಪು." ಹತ್ತಾರು ಕೈಮುಗಿದ ಚಿತ್ರಗಳು ಬಂದವು. ಅವುಗಳ ನಡುವೆ ಗುರುಪುತ್ರಪ್ಪ ಎಂಬ ಪಾಲಕರು ಬರೆದಿದ್ದರು: "ದೇವರ ಕುಂಕುಮಕ್ಕ ಯಾಕ ದೋಷ ಕೊಡ್ತೀರಿ ಭರಮಣ್ಣ. ಆ ಹುಡುಗಿ ಏನರ ಹೇಳ್ಯಾಳೇನು?" ಅರೀಬಾ ನನ್ನ ಕೈಯಿಂದ ಫೋನ್ ಇಸಿದುಕೊಂಡು ಅದನ್ನು ಓದಿದಳು. ಫೋನ್ ತಿರುಗಿಸಿ ನನ್ನ ಕೈಗೆ ಕೊಟ್ಟಳು.

ರಸೂಲಸಾಬರು ಚೌಕಟ್ಟನ್ನು ಗೋಡೆಗೆ ಒರಗಿಸಿ, "ನೀವ ಇಷ್ಟ ದೂರ ಬಂದೀರಿ. ಆಕಿ ಬರ್ತೀನಿ ಅಂದ್ರ ಕಳಸ್ತೀನಿ" ಅಂದರು.

"ಬರ್ತೀನಿ," ಅಂದಳು ಅರೀಬಾ. "ಆದ್ರ ಕಣ್ಣಿನ ಕೆಲಸ ಬ್ಯಾಡ್ರಿ. ನಟ್ಟ ಬಿಗಿಯೂದ ಕೊಡ್ರಿ. ಅದ್ರಾಗ ಏನರ ತಪ್ಪಾದ್ರ ಯಾರೂ ನನ್ನ ಕೇಳಂಗಿಲ್ಲ."

ಈಗ ತಂಡದಲ್ಲಿ ಮೂವತ್ತನಾಲ್ಕು ಮಕ್ಕಳು. ಅರೀಬಾ ಒಂದು ರವಿವಾರವೂ ತಪ್ಪಿಸುವುದಿಲ್ಲ, ಮೂಲೆಯಲ್ಲಿ ಕುಳಿತು ನಟ್ಟು ಬಿಗಿಯುತ್ತಾಳೆ. ಹೋದ ವಾರ ಕಣ್ಣು ಮತ್ತೆ ಕೈಕೊಟ್ಟಿತು. ಬಾಳೇಶ ಒಂದು ತಾಸು ಒದ್ದಾಡಿ ಅವಳನ್ನೇ ಕೇಳಿದ. ಅವಳು ತಲೆಯೆತ್ತದೆ ನಂಬರ್ ಹೇಳಿದಳು, ಅದು ಸರಿಯಿತ್ತು.

"ಬಾರವಾ, ನೀನ ಮಾಡು" ಅಂದೆ.

"ಬ್ಯಾಡ್ರಿ ಕಾಕಾ" ಅಂದಳು, ನಗುತ್ತಲೇ.