ಎಫ್ ಟೂ ಬಟನ್ ಮೇಲಿನ ವಿಭೂತಿ

ಲ್ಯಾಪ್‌ಟಾಪ್ ಚಾಲೂ ಆಯಿತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ಬಿಳಿ ಸಾಲು ಬಂದು ನಿಂತಿತು. ಒಳಗೆ ಯಂತ್ರ ನಡೆಸುವ ಯಾವ ಸಿಸ್ಟಂ ಇಲ್ಲ ಎಂದು ಅದರ ಅರ್ಥ. ಅದು ನನಗೆ ಗೊತ್ತಿದ್ದದ್ದೇ. ಬಾಗೇವಾಡಿಯ ಯಾಕೂಬಸಾಬರು ಈ ಹಳೆಯ ಲ್ಯಾಪ್‌ಟಾಪ್ ಮಾರುವಾಗ, ಹಿಂದಿನವರದ್ದೆಲ್ಲ ಅಳಿಸಿದ್ದೇನೆ ಎಂದು ಹೇಳಿಯೇ ಕೊಟ್ಟಿದ್ದರು. ಹೊಸ ಸಿಸ್ಟಂ ತುಂಬಿದ ಪೆನ್‌ಡ್ರೈವನ್ನು ನಮ್ಮ ಸಂಜೆಯ ಕಂಪ್ಯೂಟರ್ ಕ್ಲಾಸಿನ ಸುರೇಖಾ ಮೇಡಂ ಕೊಟ್ಟಿದ್ದರು. ಚಾಲೂ ಆಗುತ್ತಿದ್ದಂತೆ ಎಫ್ ಟೂ ಒತ್ತಿದರೆ ಯಂತ್ರದ ಒಳಗಿನ ಸೆಟ್ಟಿಂಗ್ ಪುಟ ತೆರೆಯುತ್ತದೆ, ಅಲ್ಲಿ ಪೆನ್‌ಡ್ರೈವನ್ನು ಮೊದಲಿಗೆ ತರಬೇಕು. ಇಷ್ಟೇ ಕೆಲಸ.

ಒತ್ತಿದೆ. ಏನೂ ತೆರೆಯಲಿಲ್ಲ. ಆರಿಸಿ, ಹಚ್ಚಿ, ಮತ್ತೆ ಒತ್ತಿದೆ. ಬಟನ್ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬಗ್ಗಿ ನೋಡಿದರೆ ಅದರ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ.

ಬೆಳಗ್ಗೆ ಅತ್ತೆ ಚನ್ನವ್ವ ಪೂಜೆ ಮಾಡಿದ್ದರು. ಮನೆಗೆ ಏನೇ ಹೊಸದು ಬರಲಿ, ಬಿತ್ತುವ ಕೂರಿಗೆಯಾಗಲಿ ಫ್ಯಾನಾಗಲಿ, ಅವರು ವಿಭೂತಿ ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಎಳೆಯಲೇಬೇಕು. 'ಇದಕ್ಕ ಹಣಿ ಎಲ್ಲೈತಿ?' ಎಂದು ಕೇಳಿದ್ದರು. ನಾನೇ ನಕ್ಕು ಬಟನ್‌ಗಳ ಮೇಲಿನ ಸಾಲು ತೋರಿಸಿದ್ದೆ. ಪರದೆಯ ಬೆನ್ನು ತೋರಿಸಿದ್ದರೆ ಏನಾಗುತ್ತಿತ್ತು?

ಲಿಂಬೆಕಾಯಿ ತರಲು ಇಂಡಿಗೆ ಹೋಗಿದ್ದ ನನ್ನ ಯಜಮಾನರು ಫೋನ್ ಮಾಡಿದರು.

"ಚಾಲೂ ಆತೇನು?"

"ಇನ್ನಾ ಇಲ್ರಿ."

"ಹಂಗಾರ ಯಾಕೂಬಸಾಬ ಕೆಟ್ಟಿದ್ದ ಕಟ್ಟ್ಯಾನ ತಗೊ. ಇವತ್ತಿನ ತನಕ ವಾಪಸ್ ತಗೋತೇನಿ ಅಂದಾನ. ಸಂಜೀಕ ಬಂದು ಒಯ್ದು ಕೊಡ್ತೇನಿ, ಕಟ್ಟಿ ಇಡು."

ಹೂಂ ಅಂದೆ. ಕ್ಲಾಸಿನಲ್ಲಿ ನಾಲ್ಕು ಮಂದಿಗೊಂದು ಕಂಪ್ಯೂಟರ್. ನನ್ನ ಪಾಳಿ ಬರುವ ಹೊತ್ತಿಗೆ ನಮ್ಮೂರು ಮನಗೂಳಿಯ ಬಸ್ಸಿನ ಹೊತ್ತೂ ಆಗಿರುತ್ತದೆ. ಮನೆಯಲ್ಲಿ ಒಂದಿದ್ದರೆ ಯಾರೂ ಹಿಂದೆ ನಿಲ್ಲದೆ ತಪ್ಪು ಮಾಡಬಹುದು, ತಿದ್ದಿಕೊಳ್ಳಬಹುದು ಎಂದು ಎಷ್ಟು ದಿನ ಆಸೆಪಟ್ಟಿದ್ದೆ. ಈಗ ನಿಜ ಹೇಳಿದರೆ ಅತ್ತೆಯ ಮನಸ್ಸು ನೋಯುತ್ತದೆ. ಹೇಳದಿದ್ದರೆ ಲ್ಯಾಪ್‌ಟಾಪ್ ಹೋಗುತ್ತದೆ, ಏನೂ ತಪ್ಪು ಮಾಡದ ಯಾಕೂಬಸಾಬರು ಬೈಸಿಕೊಳ್ಳುತ್ತಾರೆ.

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿನಲ್ಲಿ ಕೇಳಿಸಲಿಕ್ಕಿಲ್ಲ ಎಂದುಕೊಂಡು ಮೇಡಂಗೆ ಫೋನ್ ಹಚ್ಚಿದೆ. ಕೈ ಖಾಲಿ ಇರಲೆಂದು ಸ್ಪೀಕರ್ ಹಾಕಿದ್ದೆ.

"ಎಫ್ ಟೂ ಒತ್ತವಲ್ದು ಅಂದ್ರ ಅದರ ಮ್ಯಾಲೆ ಏನಾರ ಬಿದ್ದೈತೇನು, ದಾನೇಶ್ವರಿ?" ಎಂದರು ಮೇಡಂ.

"ಇಲ್ರಿ ಮೇಡಂ, ಏನೂ ಬಿದ್ದಿಲ್ರಿ."

ರೊಟ್ಟಿಯ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ವಿಭೂತಿ ಬಿದ್ದೈತ್ರಿ ಬಾಯಾರ," ಅಂದರು ಫೋನಿನ ಕಡೆ. "ನಾ ಹಚ್ಚೇನಿ. ನೀರ ಸ್ವಲ್ಪ ಜಾಸ್ತಿ ಆಗಿತ್ರಿ."

ಮೇಡಂ ನಗು ತಡೆದುಕೊಂಡವರಂತೆ, "ಇರ್ಲಿ ಬಿಡ್ರಿ ಅವ್ವಾರ. ದಾನೇಶ್ವರಿ, ಎಲ್ಲಾದಕ್ಕೂ ಇರೂದಿಲ್ಲ, ಆದ್ರ ಕೆಲವು ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕೂ ಕಡೆ ಒಂದು ಸಣ್ಣ ತೂತು ಇರತೈತಿ. ಪೂರಾ ಆರಿಸಿ, ಪಿನ್ನಿನಿಂದ ಮೆಲ್ಲಕ ಒತ್ತು. ಎಫ್ ಟೂ ಇಲ್ಲದನೂ ಆ ಪುಟಕ್ಕ ಹೋಗಬಹುದು," ಎಂದರು.

ಬೆಳಕಿಗೆ ಹಿಡಿದು ನೋಡಿದೆ. ಸಾಸಿವೆಯಷ್ಟು ತೂತು ಇತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಬಿಚ್ಚಿ ನನಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲು ಹಿಂಜರಿದೆ. ಒಳಗೆ ಏನಾದರೂ ಮುರಿದರೆ?

"ಸೂಜ್ಯಾಗ ದಾರ ಹಾಕೂ ಕೈ ನಂದು, ಸರಿ ಅತ್ಲಾಗ," ಎಂದು ಅವರೇ ಕುಳಿತರು. ಉಸಿರು ಹಿಡಿದು ಪಿನ್ನು ಇಟ್ಟು ಒತ್ತಿದರು. ಟಕ್ ಎಂದಿತು. ಪರದೆಯ ಮೇಲೆ ನಾಲ್ಕಾರು ಸಾಲಿನ ಪಟ್ಟಿ ಬಂತು. ಬಾಣದ ಬಟನ್‌ಗಳು ಕೆಳಗಿನ ಸಾಲಿನಲ್ಲಿದ್ದದ್ದು ನನ್ನ ಪುಣ್ಯ. ಇಳಿದಿಳಿದು ಸೆಟ್ಟಿಂಗ್ ಪುಟಕ್ಕೆ ಹೋದೆ. ಬ್ಯಾಟರಿ, ತಾರೀಖು, ವೇಳೆ ಎಲ್ಲವೂ ಅಲ್ಲಿತ್ತು.

"ಒಳಗ ಏನೂ ಇಲ್ಲ ಅಂದಿ. ಮತ್ತ ಇಷ್ಟೆಲ್ಲಾ ಹ್ಯಾಂಗ ಹೇಳಾಕತ್ತೈತಿ?" ಎಂದರು ಅತ್ತೆ.

"ಮಾಡುಮುಂದನ ಸ್ವಲ್ಪ ತಿಳುವಳಿಕಿ ಒಳಗ ಇಟ್ಟಿರ್ತಾರ್ರಿ. ಉಳಿದದ್ದು ನಾವು ತುಂಬಬೇಕ್ರಿ."

"ಕೂಸಿಗೆ ಹಾಲ ಕುಡಿಯೂದು ಯಾರ ಕಲಿಸಿರ್ತಾರ, ಹಂಗಂತೀ." ಅವರಿಗೆ ತೃಪ್ತಿಯಾಯಿತು.

ಪೆನ್‌ಡ್ರೈವನ್ನು ಪಟ್ಟಿಯ ಮೇಲಕ್ಕೆ ತಂದು, ಉಳಿಸಿ ಹೊರಬಂದೆ. ಯಂತ್ರ ಒಮ್ಮೆ ಆರಿ ಹತ್ತಿತು. ಪೆನ್‌ಡ್ರೈವಿನ ಸಣ್ಣ ದೀಪ ಮಿಣುಕತೊಡಗಿತು. ಹೊಸ ಸಿಸ್ಟಂ ಒಳಗೆ ಇಳಿಯುತ್ತಿತ್ತು.

"ಅತ್ತೀ, ನಾ ಮೇಡಂ ಮುಂದ ಸುಳ್ಳ ಹೇಳಬಾರದಿತ್ರಿ," ಅಂದೆ.

"ನನ್ನ ಸಲುವಾಗಿ ಹೇಳಿದಿ, ತಿಳೀತು ಬಿಡು. ಇನ್ನೊಮ್ಮಿ ಹಿಂಗಾದ್ರ ನನ್ನ ಮುಂದನ ಖರೇ ಹೇಳು. ಬೈದರ ನಾ ನಾಕ ಬೈತೇನಿ, ಅಷ್ಟ." ನನ್ನ ಕೆನ್ನೆ ಮುಟ್ಟಿದರು. ಅಲ್ಲಿ ಒಂದಿಷ್ಟು ಜೋಳದ ಹಿಟ್ಟು ಅಂಟಿತು.

ಆಮೇಲೆ ನನ್ನ ಫೋನ್ ತೆಗೆದುಕೊಂಡು ಮಗನಿಗೆ ಹಚ್ಚಿಸಿದರು.

"ಸಂಗಮೇಶ, ಯಾಕೂಬಸಾಬಗ ಒಂದ ಮಾತ ಅನಬ್ಯಾಡ. ಲ್ಯಾಪ್‌ಟಾಪ್ ಮನ್ಯಾಗ ಇರತೈತಿ. ಕೆಡಿಸಿದಾಕಿನೂ ನಾನ, ಚಾಲೂ ಮಾಡಿದಾಕಿನೂ ನಾನ. ನಿನ್ನ ಹೇಣ್ತಿ ಅದಕ್ಕ ಸಾಲಿ ಕಲಿಸಾಕತ್ತಾಳ. ನೀ ಸಾವಕಾಶ ಬಾ."